ಹೋಸ್ ಒಣಗುವಾಗ ಆಡುತ್ತಿದ್ದ ಮಾತು

ಫೆಬ್ರವರಿಯ ಒಂದು ಬೆಳಿಗ್ಗೆ ರೋಲ್‌ಕಾಲ್ ಮುಗಿಸಿ ಪಂಪ್ ಟೆಸ್ಟ್ ಮಾಡಿಸುತ್ತಿದ್ದೆ. ಹರಿಹರದಿಂದ ನಮ್ಮ ಹಳೇ ಚಾಲಕಣ್ಣನ ಫೋನು ಬಂತು. "ಸಾಹೇಬ್ರು ಹೋದ್ರಪ್ಪಾ" ಅಂದರು. ಯಾವ ಸಾಹೇಬರು ಅಂತ ನಾನು ಕೇಳಲಿಲ್ಲ. ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಎಷ್ಟೋ ಅಧಿಕಾರಿಗಳು ಬಂದರು, ಹೋದರು. ಆದರೆ ಹೆಸರು ಹೇಳದೆ ಬರೀ ಸಾಹೇಬರು ಅಂದರೆ ದಾವಣಗೆರೆ ಅಗ್ನಿಶಾಮಕ ಠಾಣೆಯ ಹಳಬರಿಗೆಲ್ಲ ಒಬ್ಬರೇ.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಮನೆಯವರು ಬೇಡ ಅಂದರು. ಮಂಡ್ಯ ಕಡೆಯವರು. 1979ರಲ್ಲಿ ಠಾಣಾಧಿಕಾರಿಯಾಗಿ ಇಲಾಖೆಗೆ ಸೇರಿ, ನಾಗ್ಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನಲ್ಲಿ ತರಬೇತಿ ಮುಗಿಸಿ, ಬೆಂಗಳೂರು, ಮೈಸೂರು ಅಂತ ಸುತ್ತಾಡಿ, ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ ನಮ್ಮ ಠಾಣೆಗೆ ಬಂದವರು. 2012ರಲ್ಲಿ ಜಿಲ್ಲಾ ಅಗ್ನಿಶಾಮಕ ಅಧಿಕಾರಿಯಾಗಿ ನಿವೃತ್ತರಾದರು. ಊರಿಗೆ ವಾಪಸ್ ಹೋಗಲಿಲ್ಲ, ಇಲ್ಲೇ ಮನೆ ಕಟ್ಟಿಕೊಂಡರು. ನಾನು 1995ರಲ್ಲಿ ಫೈರ್‌ಮನ್ ಆಗಿ ಅವರ ಕೈಕೆಳಗೆ ಸೇರಿದವನು. ಈಗ ಸಹಾಯಕ ಠಾಣಾಧಿಕಾರಿ.

ಮಣ್ಣಿಗೆ ನಾವೆಲ್ಲ ಯೂನಿಫಾರ್ಮಿನಲ್ಲೇ ಹೋಗಿದ್ದೆವು. ಕೊನೆಯಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಹೊಡೆದೆವು. ಯಾರೂ ಹೇಳಿಕೊಟ್ಟಿರಲಿಲ್ಲ, ತಾನಾಗೇ ಆಯಿತು.

ತಿಥಿಯ ದಿನ ಮನೆಮುಂದೆ ಶಾಮಿಯಾನ ಹಾಕಿದ್ದರು. ಊಟಕ್ಕೆ ಕೂತಿದ್ದೆವು. ರಾಣೆಬೆನ್ನೂರಿನಿಂದ ಬಂದಿದ್ದ ನಮ್ಮ ನಿವೃತ್ತ ಲೀಡಿಂಗ್ ಫೈರ್‌ಮನ್, ಎಪ್ಪತ್ತು ದಾಟಿದವರು, ಎಲೆ ಹಾಕುವ ಮೊದಲೇ ಎದ್ದು ಹೋಗಿ ಶಾಮಿಯಾನದ ಪಕ್ಕದ ಪರದೆಯ ಗಂಟು ಬಿಚ್ಚತೊಡಗಿದರು. ಶಾಮಿಯಾನದ ಹುಡುಗ "ಬಿಸಿಲು ಬೀಳ್ತತ್ರೀ ಅಜ್ಜಾ" ಅಂದ. ಇವರು ಕೇಳಿಸಿಕೊಳ್ಳಲಿಲ್ಲ. ಎರಡು ಕಡೆ ದಾರಿ ಬಿಡಿಸಿ, ಬಂದು ಕೂತರು. ನಮ್ಮ ಸಾಲಿನಲ್ಲಿದ್ದ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸಾಹೇಬರು ಯಾವ ಮದುವೆಗೆ ಹೋದರೂ ಮೊದಲು ಮಾಡುತ್ತಿದ್ದ ಕೆಲಸ ಅದು. ವಧೂವರರಿಗೆ ಅಕ್ಷತೆ ಆಮೇಲೆ.

ಆ ಊಟದ ಪಂಕ್ತಿಯಲ್ಲೇ ಮಾತು ಬಂತು. ಏಪ್ರಿಲ್ 14 ಹೇಗೂ ಅಗ್ನಿಶಾಮಕ ಸೇವಾ ದಿನ, ಅವತ್ತು ಪೆರೇಡ್ ಆದಮೇಲೆ ಠಾಣೆಯಲ್ಲೇ ಒಂದು ನುಡಿನಮನ ಇಟ್ಟುಕೊಳ್ಳೋಣ, ಅಷ್ಟರೊಳಗೆ ಎಲ್ಲರ ನೆನಪುಗಳನ್ನೂ ಯಾರಾದರೂ ಬರೆದಿಡಲಿ ಅಂತ. ಯಾರಾದರೂ ಅಂದರೆ ನಾನು. ಕಾಲ್ ರಿಪೋರ್ಟ್ ಚೆನ್ನಾಗಿ ಬರೀತೀಯ ಅನ್ನುವುದೊಂದೇ ಅವರು ಕೊಟ್ಟ ಕಾರಣ. ಕಾಲ್ ಅಂದರೆ ಠಾಣೆಗೆ ಬರುವ ಬೆಂಕಿ, ಅಪಘಾತದ ಕರೆ.

ವಾಟ್ಸಾಪ್ ಗುಂಪಿನಲ್ಲಿ ಒಂದು ಸಂದೇಶ ಹಾಕಿದೆ. ಎರಡೇ ದಿನದಲ್ಲಿ ಉತ್ತರಗಳು ತುಂಬಿಹೋದವು. ಧೈರ್ಯಶಾಲಿ, ಶಿಸ್ತಿನ ಸಿಪಾಯಿ, ತಂದೆಯ ಸಮಾನ, ಸರಳ ಸಜ್ಜನ, ಇಲಾಖೆಗೆ ತುಂಬಲಾರದ ನಷ್ಟ. ಜೊತೆಗೆ ಕೈಮುಗಿದ ಚಿತ್ರಗಳು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ರಾತ್ರಿ ವಾಚ್‌ರೂಮಿನಲ್ಲಿ ಕೂತು ಓದಿದೆ. ಒಂದರಲ್ಲೂ ಸಾಹೇಬರು ಕಾಣಲಿಲ್ಲ. ಬರೆದವರೆಲ್ಲ ಮನಸ್ಸಿನಿಂದಲೇ ಬರೆದಿದ್ದರು, ಅದು ನನಗೆ ಗೊತ್ತು. ಆದರೆ ಆ ಪುಟ ತೆಗೆದು ಬೇರೆ ಯಾವ ಅಧಿಕಾರಿಯ ಫೋಟೋ ಕೆಳಗೆ ಇಟ್ಟರೂ ನಡೆಯುತ್ತಿತ್ತು.

ಆಗ ನೆನಪಾಯಿತು, ನಾನು ಬರೆದ ಮೊದಲ ರಿಪೋರ್ಟ್. ಸೇರಿದ ಎರಡನೇ ವರ್ಷ, ಒಂದು ಟಿಂಬರ್ ಡಿಪೋ ಬೆಂಕಿ. "ಭೀಕರವಾದ ಬೆಂಕಿಯನ್ನು ಸಿಬ್ಬಂದಿ ಜೀವದ ಹಂಗು ತೊರೆದು ನಂದಿಸಿದರು" ಅಂತ ಬರೆದು ತೋರಿಸಿದ್ದೆ. ಸಾಹೇಬರು ಆ ಸಾಲಿನ ಮೇಲೆ ಪೆನ್ನಿನಿಂದ ಅಡ್ಡಗೆರೆ ಎಳೆದರು. "ಭೀಕರ ಅಂತ ಬರೀಬೇಡ ಕಣಯ್ಯ. ಕಾಲ್ ಎಷ್ಟೊತ್ತಿಗೆ ಬಂತು, ಗಾಡಿ ಎಷ್ಟೊತ್ತಿಗೆ ಬಿಡ್ತು, ಎಷ್ಟು ಹೋಸ್ ಹಾಸಿದೆ, ನೀರು ಎಲ್ಲಿಂದ ತಂದೆ, ಅದನ್ನ ಬರಿ. ಓದೋನಿಗೆ ಭೀಕರ ತಾನಾಗೇ ಗೊತ್ತಾಯ್ತದೆ" ಅಂದರು.

ಮರುದಿನದಿಂದ ಸಂದೇಶ ಹಾಕುವುದು ಬಿಟ್ಟೆ. ರಜೆ ಸಿಕ್ಕಾಗಲೆಲ್ಲ ಬೈಕ್ ಹತ್ತಿ ಒಬ್ಬೊಬ್ಬರ ಮನೆಗೇ ಹೋದೆ. ಎಲ್ಲರಿಗೂ ಒಂದೇ ಮಾತು: ಅವರ ಗುಣ ಹೇಳಬೇಡಿ, ಅವರ ಜೊತೆ ಹೋದ ಒಂದು ಕಾಲ್ ಹೇಳಿ.

ಮೊದಲು ರಾಣೆಬೆನ್ನೂರಿಗೆ ಹೋದೆ. ಲೀಡಿಂಗ್ ಫೈರ್‌ಮನ್ ಅಣ್ಣ ಚಹಾ ತರಿಸಿ, ಸ್ವಲ್ಪ ಹೊತ್ತು ಸುಮ್ಮನೆ ಕೂತು, "ನಂಗ ಅವರ ಮ್ಯಾಲೆ ಸಿಟ್ಟೈತಿ. ಅದನ್ನೂ ಬರ್ಕೊಂತೀಯೇನು?" ಅಂತ ಕೇಳಿದರು. ಬರೆದುಕೊಳ್ಳುತ್ತೇನೆ ಅಂದೆ. ತಂಗಿಯ ಮದುವೆಗೆ ಮೂರು ದಿನ ರಜೆ ಕೇಳಿದ್ದರಂತೆ. ಬಣವೆಗಳಿಗೆ ಬೆಂಕಿ ಬೀಳುವ ಕಾಲ, ಠಾಣೆಯಲ್ಲಿ ಜನ ಕಮ್ಮಿ. ಸಾಹೇಬರು ಒಂದೇ ದಿನ ಕೊಟ್ಟರು. ಧಾರೆ ಮುಗಿಸಿ, ಊಟ ಮಾಡದೆ ಬಸ್ ಹತ್ತಿ ಬಂದಿದ್ದರು ಇವರು. "ನಮ್ಮವ್ವ ಸಾಯೋತನಕ ಆ ಮಾತು ಆಡಿದ್ಲು" ಅಂದರು. ಆಮೇಲೆ ತಾವಾಗಿಯೇ ಬಾವಿಯ ಕಾಲ್ ಹೇಳತೊಡಗಿದರು.

ಜಗಳೂರು ಕಡೆಯ ಒಂದು ಹಳ್ಳಿ. ಪಾಳು ಬಾವಿಯ ಪಂಪು ರಿಪೇರಿಗೆ ಇಳಿದವನು ಕುಸಿದು ಬಿದ್ದಿದ್ದ, ಅವನನ್ನು ಎತ್ತಲು ಇಳಿದ ತಮ್ಮನೂ ಬಿದ್ದಿದ್ದ. ನಮ್ಮ ಗಾಡಿ ಹೋದಾಗ ಮೂರನೆಯವನು ಇಳಿಯಲು ಸಿದ್ಧನಾಗಿ ನಿಂತಿದ್ದ. ಅವರಪ್ಪ. ಊರವರೆಲ್ಲ "ಬೇಗ ಇಳೀರಿ, ನಿಮಗೆ ಸಂಬಳ ಕೊಡೋದು ಯಾಕ" ಅಂತ ಕೂಗಾಡುತ್ತಿದ್ದರು. ಸಾಹೇಬರು ಲಾಟೀನು ಇಳಿಬಿಟ್ಟರು. ಅರ್ಧ ಬಾವಿ ಇಳಿಯುವಷ್ಟರಲ್ಲಿ ದೀಪ ಆರಿತು, ಅಂದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲ. ಉಸಿರಾಟದ ಸೆಟ್ ಹಾಕಿಸಿ, ಸೊಂಟಕ್ಕೆ ಹಗ್ಗ ಕಟ್ಟಿಸಿ, ಹಗ್ಗದ ಇನ್ನೊಂದು ತುದಿಯನ್ನು ತಮ್ಮ ಕೈಯಲ್ಲೇ ಹಿಡಿದು ಇವರನ್ನು ಇಳಿಸಿದರು. ಸೆಟ್ಟಿನ ವಾಲ್ವ್ ಪರೀಕ್ಷೆ ಮಾಡುವಾಗ ಒಬ್ಬ ಅವರ ಅಂಗಿ ಹಿಡಿದು ಎಳೆದ. ಸಾಹೇಬರು ತಿರುಗಿಯೂ ನೋಡಲಿಲ್ಲ, ವಾಲ್ವಿನಿಂದ ಕಣ್ಣು ತೆಗೆಯಲಿಲ್ಲ. ತಮ್ಮ ಉಳಿದ, ಅಣ್ಣ ಉಳಿಯಲಿಲ್ಲ. ಹೊರಡುವ ಮುಂಚೆ ಸಾಹೇಬರು ಆ ಅಪ್ಪನ ಪಕ್ಕ ಕಟ್ಟೆಯ ಮೇಲೆ ಕೂತರು. ಏನೂ ಮಾತಾಡಲಿಲ್ಲ. ಇಪ್ಪತ್ತು ನಿಮಿಷವಾದರೂ ಕೂತಿದ್ದರಂತೆ, ಗಾಡಿ ಎಂಜಿನ್ ಆರಿಸಿ ಇವರೆಲ್ಲ ಕಾದರಂತೆ.

"ಸಿಟ್ಟೂ ಐತಿ, ಇದೂ ಐತಿ. ಎರಡೂ ಬರಿ" ಅಂದರು ಅಣ್ಣ. ಎರಡನ್ನೂ ಬರೆದೆ.

ಮಂಡಕ್ಕಿ ಭಟ್ಟಿ ಲೇಔಟಿಗೂ ಹೋಗಿದ್ದೆ. ಅಲ್ಲಿಯ ಭಟ್ಟಿ ಮಾಲೀಕರೊಬ್ಬರು ಸಾಹೇಬರು ಹೇಳಿ ಹೇಳಿ ಇಡಿಸಿದ ಮರಳಿನ ಬಕೆಟ್ಟುಗಳನ್ನು ತೋರಿಸಿದರು. ಈಗಲೂ ಗೂಟಕ್ಕೆ ನೇತುಹಾಕಿವೆ. ಕಾಲ್ ಮುಗಿಸಿ ರಾತ್ರಿ ವಾಪಸ್ ಬರುವಾಗ ಇಡೀ ಸಿಬ್ಬಂದಿಗೆ ಬಿಸಿ ಮಂಡಕ್ಕಿ, ಮಿರ್ಚಿ ಕೊಡಿಸುತ್ತಿದ್ದರು, ಬೇಡ ಅಂದರೂ ದುಡ್ಡು ಇಟ್ಟೇ ಹೋಗುತ್ತಿದ್ದರು ಅಂತ ನೆನೆದರು. ಆ ಮಂಡಕ್ಕಿ ತಿಂದವರಲ್ಲಿ ನಾನೂ ಒಬ್ಬ. ಹೊಗೆ ಕುಡಿದ ಬಾಯಿಗೆ ಮೊದಲ ಮುಕ್ಕು ಬೂದಿಯ ಹಾಗೆ ಇರುತ್ತದೆ, ಎರಡನೆಯದರಿಂದ ರುಚಿ ಬರುತ್ತದೆ.

ಹರಿಹರದ ಚಾಲಕಣ್ಣನ ಮನೆಗೆ ಹೋಗುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಇದ್ದೆ. ಕಾರಣ ಇತ್ತು. ಅವರು ಹೇಳಬಹುದಾದ ಕಾಲ್ ಯಾವುದು ಅಂತ ನನಗೆ ಗೊತ್ತಿತ್ತು, ಆ ರಾತ್ರಿ ನಾನೂ ಅಲ್ಲಿದ್ದೆ.

1998ರ ಮೇ ತಿಂಗಳು. ಊರ ಹೊರಗಿನ ಒಂದು ಜಿನ್ನಿಂಗ್ ಮಿಲ್ಲಿನ ಗೋಡೌನು. ಹತ್ತಿ ಬೆಂಕಿ ಅಂದರೇನು ಅಂತ ದಾವಣಗೆರೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಹೊರಗಿನವರಿಗೆ ಹೇಳುತ್ತೇನೆ. ಒಂದು ಬೇಲ್ ಅಂದರೆ ಸುಮಾರು 170 ಕಿಲೋ ಹತ್ತಿಯನ್ನು ಯಂತ್ರದಲ್ಲಿ ಒತ್ತಿ ಪಟ್ಟಿ ಬಿಗಿದಿರುತ್ತಾರೆ. ಮೇಲಿನ ಜ್ವಾಲೆ ಆರಿಸುವುದು ಕಷ್ಟವಲ್ಲ. ಆದರೆ ಬೆಂಕಿ ಒಳಗೆ ಇಳಿದುಬಿಡುತ್ತದೆ. ಹೊರಗೆ ಒದ್ದೆಯಾಗಿ ತಣ್ಣಗಿರುವ ಬೇಲ್ ಮೂರು ದಿನ ಬಿಟ್ಟು ಹೊಗೆಯಾಡುತ್ತದೆ. ಒಂದೊಂದನ್ನೂ ಹೊರಗೆ ಎಳೆದು, ಪಟ್ಟಿ ಕತ್ತರಿಸಿ, ಬಿಚ್ಚಿ ನೆನೆಸಬೇಕು. ನಮ್ಮ ವಾಟರ್ ಟೆಂಡರಿನಲ್ಲಿ 4,500 ಲೀಟರ್ ನೀರು. ಎರಡು ಬ್ರಾಂಚ್, ಅಂದರೆ ಹೋಸಿನ ತುದಿಯ ನೀರು ಚಿಮ್ಮುವ ಕೊಳವೆ, ಪೂರ್ತಿ ತೆರೆದರೆ ಹತ್ತು ನಿಮಿಷ ಬಾರದು. ಮಿಲ್ಲಿನ ಬಾವಿಗೆ ಸಕ್ಷನ್ ಹೋಸ್ ಇಳಿಸಿ ರಾತ್ರಿಯೆಲ್ಲ ನೀರೆತ್ತಿದೆವು.

ಒಳಗೆ ಬ್ರಾಂಚ್ ಹಿಡಿದಿದ್ದವನು ನಾನು. ವಯಸ್ಸು ಇಪ್ಪತ್ತೈದು. ಗೋಡೆ ಪಕ್ಕದ ಸಾಲಿಗೆ ನೀರು ಬಿಡು ಅಂತ ಸಾಹೇಬರ ಆಜ್ಞೆ, ಬಿಡುತ್ತಿದ್ದೆ. ಬೆಳಗಿನ ಜಾವ ಇರಬೇಕು, ಹಿಂದಿನಿಂದ ಯಾರೋ ಹೆಗಲು ಹಿಡಿದು ತಿರುಗಿಸಿದರು. ಸಾಹೇಬರು. ನನ್ನ ಕೈಯಿಂದ ಬ್ರಾಂಚ್ ಕಿತ್ತುಕೊಂಡರು. "ನಡಿಯಯ್ಯ ಹೊರಗೆ, ನಿನ್ನ ಕೈಲಾಗಲ್ಲ!" ಅಂತ ಕೂಗಿದರು. ಮಿಲ್ಲಿನ ಹಮಾಲರು, ನಮ್ಮ ಹುಡುಗರು, ಎಲ್ಲರ ಎದುರಿಗೆ.

ಹೊರಗೆ ಬಂದು ಕಾಂಪೌಂಡಿನ ಬದಿಯಲ್ಲಿ ವಾಂತಿ ಮಾಡಿಕೊಂಡೆ. ಠಾಣೆಗೆ ಬಂದಮೇಲೆ ಹೋಸ್ ತೊಳೆಯಲು ನಿಲ್ಲಲಿಲ್ಲ. ಮೈ ಸರಿಯಿಲ್ಲ ಅಂತ ಹೇಳಿ ಮನೆಗೆ ಹೋದೆ. ಮೂರನೇ ದಿನ ಡ್ಯೂಟಿಗೆ ಬಂದಾಗ ಸಾಹೇಬರು ಎಂದಿನಂತೆಯೇ ಇದ್ದರು. ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆಮೇಲೆ ಅವರ ಜೊತೆ ನೂರಾರು ಕಾಲ್‌ಗಳಿಗೆ ಹೋದೆ, ಅವರಿಂದಲೇ ಕೆಲಸ ಕಲಿತೆ, ಅವರೇ ನನ್ನ ಬಡ್ತಿಯ ಕಾಗದಕ್ಕೆ ಸಹಿ ಹಾಕಿದರು. ಆದರೂ 'ಕೈಲಾಗಲ್ಲ' ಅನ್ನುವ ಆ ಮಾತು ಒಂದು ಮುಳ್ಳಿನ ಹಾಗೆ ಒಳಗೇ ಮುರಿದುಕೊಂಡು ಉಳಿದಿತ್ತು.

ಇಲ್ಲಿ ಹೋಸ್ ತೊಳೆಯುವ ವಿಷಯ ಹೇಳಲೇಬೇಕು. ಯಾವ ಕಾಲ್‌ನಿಂದ ಬಂದರೂ, ಎಷ್ಟೇ ಹೊತ್ತಾಗಿದ್ದರೂ, ಬಳಸಿದ ಡೆಲಿವರಿ ಹೋಸ್‌ಗಳನ್ನು ಉದ್ದಕ್ಕೆ ಹಾಸಿ, ಬ್ರಷ್ಷಿನಿಂದ ಉಜ್ಜಿ, ಕೆಸರು ಬೂದಿ ಎಲ್ಲ ಹೋಗುವಂತೆ ತೊಳೆದು, ಡ್ರಿಲ್ ಟವರಿನ ಮೇಲಿನಿಂದ ಇಳಿಬಿಟ್ಟು ಒಣಹಾಕಬೇಕು. ಒದ್ದೆ ಹೋಸ್ ಸುತ್ತಿಟ್ಟರೆ ಕೊಳೆಯುತ್ತದೆ, ಮುಂದಿನ ಕಾಲ್‌ನಲ್ಲಿ ಒಡೆಯುತ್ತದೆ. ಹೀಗೆ ಒಣಹಾಕಿದ ಮೇಲೆ ಸಾಹೇಬರು ಎಲ್ಲರನ್ನೂ ಆ ಟವರಿನ ಕೆಳಗೆ ನಿಲ್ಲಿಸಿಕೊಳ್ಳುತ್ತಿದ್ದರು. ಮೇಲಿನಿಂದ ನೀರು ತೊಟ್ಟಿಕ್ಕುತ್ತಿರುತ್ತಿತ್ತು. "ಮೊದ್ಲು ನಂದು ಹೇಳ್ತೀನಿ" ಅಂತ ಶುರು ಮಾಡಿ, ಆ ದಿನ ತಾವು ಮಾಡಿದ ತಪ್ಪನ್ನು ಹೇಳುತ್ತಿದ್ದರು. ಗಾಡಿ ತಪ್ಪು ಕಡೆ ನಿಲ್ಲಿಸಿದೆ, ಕರೆಂಟ್ ತೆಗೆಸುವುದು ಐದು ನಿಮಿಷ ತಡ ಮಾಡಿದೆ, ಆ ಹೆಂಗಸಿನ ಮಾತು ಕೇಳಿಸಿಕೊಳ್ಳಬೇಕಿತ್ತು. ಆಮೇಲೆ ಉಳಿದವರು ಒಬ್ಬೊಬ್ಬರಾಗಿ ತಮ್ಮದು ಹೇಳಬೇಕು. ಬೇರೆಯವರ ತಪ್ಪು ಹೇಳುವ ಹಾಗಿಲ್ಲ. ಐದೋ ಹತ್ತೋ ನಿಮಿಷ, ಅಷ್ಟೇ. ಆ ಮಾತು ಅಲ್ಲಿಗೆ ಮುಗಿಯಿತು, ಯಾವ ಫೈಲಿಗೂ ಹೋಗುತ್ತಿರಲಿಲ್ಲ.

ಏಪ್ರಿಲ್ ಮೊದಲ ವಾರ ಕೊನೆಗೂ ಹರಿಹರಕ್ಕೆ ಹೋದೆ. ಚಾಲಕಣ್ಣ ಆ ರಾತ್ರಿ ಪಂಪ್ ಪ್ಯಾನೆಲ್ ಮುಂದೆ ನಿಂತಿದ್ದವರು. ಒಳಗಿಂದ ಒಂದು ಸಣ್ಣ ಡಬ್ಬಿ ತಂದು ಮುಚ್ಚಳ ತೆಗೆದರು. ಎರಡು ಹೋಸ್ ಜೋಡಿಸುವ ಕಪ್ಲಿಂಗಿನ ಹಳೇ ರಬ್ಬರ್ ವಾಷರುಗಳು, ಏಳೋ ಎಂಟೋ. ಒಂದನ್ನು ಎತ್ತಿ ನನ್ನ ಅಂಗೈಯಲ್ಲಿ ಇಟ್ಟರು. ಅಂಚು ಸವೆದು, ಬೆರಳು ಆಡಿಸಿ ಆಡಿಸಿ ಮೇಲ್ಮೈ ಕನ್ನಡಿಯ ಹಾಗೆ ನುಣುಪಾಗಿತ್ತು. ಮಧ್ಯದಲ್ಲಿ ಒಂದು ಸಣ್ಣ ಸೀಳು.

"ಇವು ಸಾಹೇಬ್ರುವು. ರಿಟೈರ್ ಆದ ದಿನ ನಂಗ ಕೊಟ್ರು. ಒಳಗ ಒಬ್ಬ ಹೋದ್ರ ಒಂದು ವಾಷರು ಬಲಗಿಸೆಯೊಳಗ ಹಾಕ್ತಿದ್ರು. ಅವ ಹೊರಗ ಬಂದ್ರ ಎಡಗಿಸೆಗೆ. ಗದ್ದಲದಾಗ ತಲೆ ಲೆಕ್ಕ ತಪ್ತೈತಿ, ಕಿಸೆ ಲೆಕ್ಕ ತಪ್ಪಂಗಿಲ್ಲ ಅಂತಿದ್ರು."

ಸಾಹೇಬರು ಸದಾ ಜೇಬಿನಲ್ಲಿ ಕೈಯಿಟ್ಟು ನಿಲ್ಲುತ್ತಿದ್ದರು. ಅದನ್ನು ನಾವು ಗತ್ತು ಅಂದುಕೊಂಡಿದ್ದೆವು.

ಹತ್ತಿ ಗೋಡೌನಿನ ರಾತ್ರಿಯನ್ನು ಚಾಲಕಣ್ಣ ತಾವಾಗಿಯೇ ಎತ್ತಿದರು. "ನೀನು ಆವತ್ತು ಹೋಸ್ ತೊಳಿಯಾಕ ನಿಲ್ಲಲಿಲ್ಲ. ನಿಂತಿದ್ರ ಕೇಳ್ತಿದ್ದಿ" ಅಂದರು. ಏನು ಕೇಳುತ್ತಿದ್ದೆ ಅಂದೆ.

ಟವರಿನ ಕೆಳಗೆ ಸಾಹೇಬರು ಹೇಳಿದ್ದನ್ನು ಅವರು ಸಾಹೇಬರ ಧಾಟಿಯಲ್ಲೇ ಹೇಳಿದರು. "ನಂದು ಎರಡು ತಪ್ಪಾಯ್ತು ಕಣ್ರಯ್ಯ. ಗೋಡೆ ಪಕ್ಕದ ಸಾಲಿಗೆ ನಾಕು ಗಂಟೆ ನೀರು ಕುಡಿಸ್ದೆ. ಹತ್ತಿ ನೀರು ಕುಡಿದ್ರೆ ಊದ್ಕೊಂಡು ಗೋಡೆ ತಳ್ತದೆ ಅಂತ ನಾಗ್ಪುರದಲ್ಲಿ ಓದಿದ್ದೆ, ಮರೆತೆ. ಬಿರುಕು ಬಿಟ್ಟಿದ್ದನ್ನ ಕಂಡೋನು ನಾನಲ್ಲ, ಒಬ್ಬ ಹಮಾಲ ಬಂದು ತೋರಿಸ್ದ. ಬಲಗಡೆ ಜೇಬಲ್ಲಿ ಇನ್ನೂ ಒಂದು ವಾಷರ್ ಇತ್ತು, ಆ ಹುಡುಗಂದು. ಗೋಡೆ ಬೀಳ್ತದೆ ಅಂದ್ರೆ ಅವನು ಗೋಡೆ ನೋಡ್ತಾ ನಿಲ್ತಾನೆ, ಇಲ್ಲಾ ಇನ್ನೊಂದು ನಿಮಿಷ ಸಾರ್ ಅಂತಾನೆ. ಅದಕ್ಕೆ ಕೈಲಾಗಲ್ಲ ನಡಿ ಅಂದೆ. ಕೆಲಸ ಆಯ್ತು, ಆದ್ರೆ ಮಾತು ತಪ್ಪು. ಅವನಿಗೆ ಕೈಲಾಗ್ತಿತ್ತು." ಆಮೇಲೆ ಸುತ್ತಲೂ ನೋಡಿ ಅವನೆಲ್ಲಿ ಅಂತ ಕೇಳಿದರಂತೆ. ಮನೆಗೆ ಹೋದ ಅಂದಾಗ, "ಬರ್ಲಿ, ನಾನೇ ಹೇಳ್ತೀನಿ" ಅಂದರಂತೆ.

"ಹೇಳಿರ್ಬೇಕು ಅಂತ ನಾವು ತಿಳ್ಕೊಂಡಿದ್ವಿ" ಅಂದರು ಚಾಲಕಣ್ಣ.

ಹೇಳಿರಲಿಲ್ಲ. ಯಾಕೆ ಹೇಳಲಿಲ್ಲವೋ. ನಾನು ಬಂದ ದಿನ ಬೇರೆ ಕಾಲ್ ಇತ್ತೇನೋ, ಮರೆತರೇನೋ, ನಾನೇ ಮುಖ ಕೊಟ್ಟು ಮಾತಾಡದೆ ಓಡಾಡಿದೆನೇನೋ. ಹರಿಹರದಿಂದ ವಾಪಸ್ ಬರುವಾಗ ಬೈಕ್ ಬದಿಗೆ ನಿಲ್ಲಿಸಿ ಬಹಳ ಹೊತ್ತು ನಿಂತಿದ್ದೆ. ಸಿಟ್ಟಲ್ಲ, ಸಂತೋಷವೂ ಅಲ್ಲ. ಇಪ್ಪತ್ತೇಳು ವರ್ಷ ಹೊತ್ತಿದ್ದ ಚೀಲವನ್ನು ಇಳಿಸಿದಾಗ ಹೆಗಲು ಹಗುರಾಗುವುದಕ್ಕೆ ಮೊದಲು ನೋಯುತ್ತದಲ್ಲ, ಹಾಗೆ.

ಚಾಲಕಣ್ಣನ ಮಾತಿನ ಮೇಲೆ ನನಗೆ ಅನುಮಾನ ಇರಲಿಲ್ಲ. ಆದರೂ ರಿಪೋರ್ಟ್ ನೋಡಬೇಕು ಅನಿಸಿತು. ಬೆಂಕಿ ವಿಮೆಗೆ ನಮ್ಮ ಇಲಾಖೆಯ ವರದಿ ಬೇಕೇ ಬೇಕು, ಹಾಗಾಗಿ ಮಾಲೀಕರ ಹತ್ತಿರ ಒಂದು ಪ್ರತಿ ಇದ್ದೇ ಇರುತ್ತದೆ ಅಂತ ಹೊಳೆಯಿತು. ಮಿಲ್ಲು ಮುಚ್ಚಿ ವರ್ಷಗಳಾಗಿವೆ. ಮಾಲೀಕರ ಮಗ ಹಳೇ ಫೈಲುಗಳ ಗಂಟು ಬಿಚ್ಚಿ, ಎರಡು ದಿನ ಹುಡುಕಿ, ಕೊನೆಗೆ ಕೊಟ್ಟರು. ಸಾಹೇಬರ ಅಕ್ಷರ. ಕಾಲ್ ಬಂದ ಸಮಯ, ಗಾಡಿ ಬಿಟ್ಟ ಸಮಯ, ಹೋಸ್‌ಗಳ ಲೆಕ್ಕ, ಬಾವಿಯ ನೀರಿನ ವಿವರ. ಕೊನೆಯ ಪುಟದಲ್ಲಿ ಮೂರು ವಾಕ್ಯ: "ಪಶ್ಚಿಮ ಗೋಡೆಗೆ ತಾಗಿದ ಸಾಲಿನ ಮೇಲೆ ನೀರು ಹಾಯಿಸಿದ್ದು ನನ್ನ ಆದೇಶದಂತೆ. ಬೇಲ್‌ಗಳು ಊದಿ ಗೋಡೆ ವಾಲಿದ್ದನ್ನು ನಾನು ತಡವಾಗಿ ಗಮನಿಸಿದೆ. ಗೋಡೆ ಕುಸಿಯುವ ಮುನ್ನ ಸಿಬ್ಬಂದಿಯೆಲ್ಲರೂ ಹೊರಗೆ ಬಂದಿದ್ದರು."

ವಿಮೆಗೆ ಹೋಗುವ ಕಾಗದ, ಮೇಲಧಿಕಾರಿಗಳು ನೋಡುವ ಕಾಗದ. ಗೋಡೆ ಬಿದ್ದ ನಷ್ಟಕ್ಕೆ ನೀನೇ ಕಾರಣ ಅಂತ ಯಾರು ಬೇಕಾದರೂ ಎತ್ತಿ ಹಿಡಿಯಬಹುದಿತ್ತು. 'ಗೋಡೆ ಕುಸಿದಿದೆ' ಅಂತ ಎರಡೇ ಪದ ಬರೆದಿದ್ದರೆ ಕೇಳುವವರೇ ಇರಲಿಲ್ಲ. ನಾನೀಗ ಅದೇ ಕುರ್ಚಿಯ ಹತ್ತಿರ ಕೂತು ರಿಪೋರ್ಟ್ ಬರೆಯುವವನು. ಆ ವಾಕ್ಯ ಬರೆಯಲು ಎಷ್ಟು ಎದೆ ಬೇಕು ಅಂತ ನನಗೆ ಗೊತ್ತು.

ಕೊನೆಗೆ ಉಳಿದದ್ದು ಅಮ್ಮನವರು. ಸಾಹೇಬರ ಹೆಂಡತಿಯನ್ನು ನಾವೆಲ್ಲ ಹಾಗೇ ಕರೆಯುವುದು. ನಾನು ಕಾಲ್ ಹೇಳಿ ಅಂತ ಹೇಗೆ ಕೇಳಲಿ ಅಂತ ಹಿಂಜರಿಯುತ್ತಿದ್ದಾಗ ಅವರೇ ಹೇಳಿದರು. 1981ರ ಫೆಬ್ರವರಿ 7. ಮದುವೆಯಾಗಿ ಆರು ತಿಂಗಳು. ಬೆಂಗಳೂರಿನಲ್ಲಿ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದ ದಿನ. ಬೆಂಕಿಯ ಜೊತೆ ನೂಕುನುಗ್ಗಲೂ ಸೇರಿ 92 ಜನ ಹೋದರು, ಬಹುಪಾಲು ಮಕ್ಕಳು. ಸಾಹೇಬರು ಮನೆಗೆ ಬಂದದ್ದು ಮರುದಿನ ಮಧ್ಯಾಹ್ನ. ಸ್ನಾನ ಮಾಡಿ, ಊಟಕ್ಕೆ ಕೂತು, ತಟ್ಟೆ ಮುಂದೆ ಇಟ್ಟಾಗ ಎದ್ದು ಹೋಗಿ ಮನೆಯ ಹಿಂಬಾಗಿಲ ಚಿಲಕ ತೆಗೆದು ಬಂದರು. "ಆವತ್ತಿಂದ ಅವರು ಮನೇಲಿ ಇರೋವಾಗ ಹಿಂಬಾಗಿಲು ಹಗಲೊತ್ತು ಚಿಲಕ ಕಂಡಿಲ್ಲ. ಮಕ್ಕಳು ಸರ್ಕಸ್ಗೆ ಹೋಗೋಣ ಅಂತ ಎಷ್ಟು ಸಲ ಕೇಳಿದ್ವೋ. ಒಂದು ಸಲಾನೂ ಹೋಗ್ಲಿಲ್ಲ, ಯಾಕೆ ಅಂತಾನೂ ಹೇಳ್ಲಿಲ್ಲ" ಅಂದರು. ನಾನು ಹೊರಟಾಗ ನೋಡಿದೆ, ಹಿಂಬಾಗಿಲು ತೆರೆದೇ ಇತ್ತು.

ಏಪ್ರಿಲ್ 12ರಂದು ಠಾಣೆಯಲ್ಲಿ ಹಿರಿಯರೆಲ್ಲ ಕೂತು ನಾನು ಬರೆದದ್ದನ್ನು ಕೇಳಿದರು. ಹತ್ತಿ ಗೋಡೌನಿನ ಪುಟಕ್ಕೆ ಬಂದಾಗ ಒಬ್ಬ ನಿವೃತ್ತ ಅಧಿಕಾರಿ ಕೈ ಎತ್ತಿ ತಡೆದರು. ಸಾಹೇಬರನ್ನು ನಮ್ಮೆಲ್ಲರಿಗಿಂತ ಹೆಚ್ಚು ಹಚ್ಚಿಕೊಂಡಿದ್ದವರು ಅವರು. ಸತ್ತವರ ತಪ್ಪು ಎತ್ತಿ ಆಡುವುದು ನಮ್ಮಲ್ಲಿ ಪದ್ಧತಿಯಲ್ಲ, ಹೊಸ ಹುಡುಗರು ಕೇಳಿದರೆ ಏನಂದುಕೊಂಡಾರು, ರಜೆ ಕೊಡದ ಕಥೆಯೂ ಬೇಡ, ಇದೂ ಬೇಡ ಅಂದರು. ಅವರ ಧ್ವನಿ ನಡುಗುತ್ತಿತ್ತು. ಅರ್ಧ ಜನ ಹೌದು ಅಂದರು. ಲೀಡಿಂಗ್ ಫೈರ್‌ಮನ್ ಅಣ್ಣ ಮಾತ್ರ, "ಹಂಗಾದ್ರ ನಾ ಬರಂಗಿಲ್ಲ" ಅಂತ ಎದ್ದು ನಿಂತರು. ಮಾತು ಬೆಳೆಯಿತು. ಕೊನೆಗೆ ಅಮ್ಮನವರನ್ನೇ ಕೇಳೋಣ ಅಂತಾಯಿತು.

ಫೋನಿನಲ್ಲಿ ಪೂರ್ತಿ ಓದಿ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. "ಅವರೇ ಎಲ್ಲರ ಎದುರಿಗೆ ಹೇಳ್ಕೊಂಡಿದ್ದನ್ನ ನಾವು ಮುಚ್ಚಿಡೋದು ಯಾವ ನ್ಯಾಯ? ಓದಪ್ಪಾ" ಅಂದರು.

14ರ ಬೆಳಿಗ್ಗೆ ಪೆರೇಡ್ ಆಯಿತು. 1944ರ ಇದೇ ದಿನ ಬೊಂಬಾಯಿಯ ವಿಕ್ಟೋರಿಯಾ ಡಾಕ್‌ನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದು ತೀರಿಕೊಂಡ 66 ಅಗ್ನಿಶಾಮಕರಿಗೆ ಮೌನ ನಮನ. ಆ ಹಡಗಿನಲ್ಲೂ ಹತ್ತಿ ಬೇಲ್ ಇದ್ದವು, ಜೊತೆಗೆ ಸುಮಾರು 1,400 ಟನ್ ಸ್ಫೋಟಕ. ಸಾಹೇಬರು ಪ್ರತಿ ವರ್ಷ ಈ ಕಥೆ ಹೇಳುವಾಗ ಆ ಅಗ್ನಿಶಾಮಕರ ಶೌರ್ಯದ ಬಗ್ಗೆ ಒಂದೇ ವಾಕ್ಯ ಹೇಳಿ, ಹತ್ತಿಯ ಪಕ್ಕ ಸ್ಫೋಟಕ ಇಟ್ಟವರಾರು, ಎಲ್ಲರನ್ನೂ ಹಿಂದಕ್ಕೆ ಕರೆಯಬೇಕಾದ ಗಳಿಗೆ ಯಾವುದಿತ್ತು ಅನ್ನುವುದರ ಮೇಲೆ ಅರ್ಧ ಗಂಟೆ ಮಾತಾಡುತ್ತಿದ್ದರು. ಚಿಕ್ಕವರಾಗಿದ್ದಾಗ ನಮಗೆ ಅದು ಬೇಸರ ತರಿಸುತ್ತಿತ್ತು.

ನುಡಿನಮನವನ್ನು ಗಾಡಿಗಳು ನಿಲ್ಲುವ ಶೆಡ್ಡಿನಲ್ಲೇ ಮಾಡಿದೆವು. ವೇದಿಕೆ ಇರಲಿಲ್ಲ, ಹಾರ ತುರಾಯಿ ಇರಲಿಲ್ಲ. ವಾಟರ್ ಟೆಂಡರಿನ ಬಾನೆಟ್ಟಿಗೆ ಫೋಟೋ ಆನಿಸಿ, ಮುಂದೆ ವಾಷರುಗಳ ಡಬ್ಬಿ ಇಟ್ಟೆವು. ರಜೆಯ ಕಥೆಯಿಂದ ಶುರುವಾಯಿತು, ಬಾವಿಯ ಕಥೆ ಬಂತು. ಭಟ್ಟಿ ಮಾಲೀಕರು ಎರಡು ಚೀಲ ಮಂಡಕ್ಕಿ ತಂದಿದ್ದರು. ಗೋಡೌನಿನ ಪುಟವನ್ನು ನಾನೇ ಓದಿದೆ. 'ಅವನಿಗೆ ಕೈಲಾಗ್ತಿತ್ತು' ಅನ್ನುವಲ್ಲಿ ಗಂಟಲು ಕಟ್ಟಿತು, ಚಾಲಕಣ್ಣ ಪುಟ ತೆಗೆದುಕೊಂಡು ಉಳಿದದ್ದು ಓದಿದರು. ಬೇಡ ಅಂದಿದ್ದ ನಿವೃತ್ತ ಅಧಿಕಾರಿ ಕೊನೆಯ ಸಾಲಿನಲ್ಲಿ ಕೂತಿದ್ದರು. ಎಲ್ಲ ಮುಗಿದ ಮೇಲೆ ಎದ್ದು ಬಂದು, ಡಬ್ಬಿಯಿಂದ ಒಂದು ವಾಷರ್ ಎತ್ತಿ, ನೋಡಿ, ಮತ್ತೆ ಅಲ್ಲೇ ಇಟ್ಟು ಹೋದರು. ನನ್ನ ಹತ್ತಿರ ಮಾತಾಡಲಿಲ್ಲ.

ಅದಾದ ನಾಲ್ಕನೇ ದಿನ ರಾತ್ರಿ ಹೊನ್ನಾಳಿ ರಸ್ತೆ ಕಡೆಯ ಹಳ್ಳಿಯಲ್ಲಿ ಬಣವೆಗೆ ಬೆಂಕಿ. ಆರಿಸಿ ಬರುವಾಗ ಎರಡೂವರೆ. ಹುಡುಗರು ನಿದ್ದೆಗಣ್ಣಲ್ಲೇ ಹೋಸ್ ತೊಳೆದು ಟವರಿಗೆ ಏರಿಸಿದರು. ಮಲಗಲು ಹೊರಟವರನ್ನು ಎರಡು ನಿಮಿಷ ನಿಲ್ಲಿ ಅಂದೆ. ಸಾಹೇಬರು ನಿವೃತ್ತರಾದ ಮೇಲೆ ಆ ಮಾತಿನ ಪದ್ಧತಿ ನಿಧಾನಕ್ಕೆ ನಿಂತುಹೋಗಿತ್ತು, ನಿಲ್ಲಿಸಿದವರಲ್ಲಿ ನಾನೂ ಇದ್ದೆ. ಮೇಲಿನಿಂದ ಒಂದು ಹನಿ ಕತ್ತಿನ ಹಿಂದೆ ಬಿತ್ತು.

"ಮೊದ್ಲು ನಂದು ಹೇಳ್ತೀನಿ" ಅಂದೆ. "ಗಾಳಿ ಯಾವ ಕಡೆಗೆ ಬೀಸ್ತೈತಿ ಅಂತ ನೋಡ್ದೇನೇ ಗಾಡಿ ನಿಲ್ಲಿಸ್ದೆ. ಕಿಡಿ ಪಕ್ಕದ ಬಣವೆಗೆ ಹಾರಿದ್ದು ಅದಕ್ಕೇ. ಮೊದಲೇ ಅಡ್ಡ ನಿಲ್ಲಿಸಿದ್ರೆ ಆ ರೈತನಿಗೆ ಒಂದು ಬಣವೆ ಉಳೀತಿತ್ತು."

ಯಾರೂ ಮಾತಾಡಲಿಲ್ಲ. ಸೇರಿ ಒಂದು ವರ್ಷವೂ ಆಗದ ಹುಡುಗನೊಬ್ಬ ಹಿಂದೆ ನಿಂತಿದ್ದ. ಸ್ವಲ್ಪ ಹೊತ್ತಾದ ಮೇಲೆ ಮುಂದೆ ಬಂದು, "ಸಾರ್, ನಾನು ಕಪ್ಲಿಂಗ್ ಸರಿಯಾಗಿ ಕೂಡ್ಸಿರ್ಲಿಲ್ಲ" ಅಂದ.